ಕೊನೆಗೆ ಬಂದವರ ವಿಶ್ರಾಂತಿ

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಬೆಟ್ಟ ಹತ್ತಲು ಕಲಿತೆ. ‘ಕಲಿತೆ’ ಎಂಬ ಕ್ರಿಯಾಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ನಡೆಯುವುದು ಎಲ್ಲರಿಗೂ ಗೊತ್ತು, ಬೆಟ್ಟದಲ್ಲಿ ನಡೆಯುವುದೂ ಅದೇ ಅಲ್ಲವೇ ಎಂದು ಕೆಳಗೆ ನಿಂತವರಿಗೆ ಅನ್ನಿಸುತ್ತದೆ. ಹಾಗಿಲ್ಲ. ಹೆಜ್ಜೆಯನ್ನು ಎಲ್ಲಿ ಊರಬೇಕು, ಉಸಿರಿಗೂ ಹೆಜ್ಜೆಗೂ ತಾಳ ಹೇಗೆ ಕೂಡಿಸಬೇಕು, ಬಾಯಾರುವ ಮೊದಲೇ ನೀರನ್ನು ಗುಟುಕು ಗುಟುಕಾಗಿ ಹೇಗೆ ಕುಡಿಯಬೇಕು, ಇಳಿಯುವಾಗ ಮೊಣಕಾಲನ್ನು ನೆಟ್ಟಗೆ ಬಿಗಿಯದೆ ತುಸು ಬಾಗಿಸಿಯೇ ಹೇಗೆ ಇಡಬೇಕು, ಇವೆಲ್ಲ ಒಂದೊಂದು ಕೌಶಲ. ಸೂಕ್ಷ್ಮಬೋಧನೆಯಲ್ಲಿ ನಾವು ಕೌಶಲಗಳನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡಿಸುವ ಹಾಗೆ ಇವನ್ನೂ ಬಿಡಿಯಾಗಿ ರೂಢಿಸಿಕೊಂಡು ಆಮೇಲೆ ಒಟ್ಟುಗೂಡಿಸಬೇಕು.

ಮಧ್ಯವಯಸ್ಸಿನ ಶಿಕ್ಷಕರಿಗೆ ಕಲಿಯುವ ಅವಕಾಶ ಇಲ್ಲವೆಂದಲ್ಲ. ಪುನಶ್ಚೇತನ ತರಬೇತಿ, ಕಾರ್ಯಾಗಾರ, ವಿಚಾರ ಸಂಕಿರಣ ಬೇಕಾದಷ್ಟಿವೆ. ಆದರೆ ಅಲ್ಲೆಲ್ಲ ನಾವು ಬಲ್ಲವರಾಗಿಯೇ ಹೋಗಿ ಕೂರುತ್ತೇವೆ. ಗೊತ್ತಿಲ್ಲದ್ದು ಬಂದರೆ ಟೀ ವಿರಾಮಕ್ಕೆ ಕಾಯುತ್ತೇವೆ. ಎಲ್ಲರ ಕಣ್ಣೆದುರು, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದೆ, ಗುಂಪಿನ ಕಟ್ಟಕಡೆಯವರಾಗಿ ಕಲಿಯುವ ಸಂದರ್ಭ ನಮಗೆ ಒದಗುವುದು ಅಪರೂಪ. ಪಾಠಾಭ್ಯಾಸದ ಸಂಚಿಕೆಗೆ ಬೆಟ್ಟದ ಕಥೆ ಏಕೆ ಮೇಡಂ ಎಂದು ಕೇಳಿದ ಸಂಪಾದಕ ಮಂಡಳಿಯ ವಿದ್ಯಾರ್ಥಿಗಳಿಗೆ ನಾನು ಕೊಟ್ಟ ಉತ್ತರವೂ ಇದೇ.

ಶುರುವಾದದ್ದು ನಮ್ಮ ಪೌರತ್ವ ತರಬೇತಿ ಶಿಬಿರದಿಂದ. 2017ರಲ್ಲಿ ಶಿಬಿರ ತುಮಕೂರಿನ ಹತ್ತಿರದ ದೇವರಾಯನದುರ್ಗದಲ್ಲಿತ್ತು. ಶಿಬಿರದ ಅಲಿಖಿತ ನಿಯಮದಂತೆ ಕಿರಿಯ ಉಪನ್ಯಾಸಕರು ಪ್ರಶಿಕ್ಷಣಾರ್ಥಿಗಳೊಂದಿಗೆ ಬೆಟ್ಟ ಹತ್ತುತ್ತಾರೆ. ಹಿರಿಯರು ಕೆಳಗೆ ಅಕ್ಕಿಮೂಟೆಯನ್ನೂ ಎಲ್ಲರ ಚೀಲಗಳನ್ನೂ ಕಾಯುತ್ತಾರೆ. ಆ ವರ್ಷ ಕಿರಿಯರೊಬ್ಬರಿಗೆ ಜ್ವರ ಬಂದು ನಾನೇ ಹತ್ತಬೇಕಾಯಿತು. ಕೆಳಗಿನ ಭೋಗನರಸಿಂಹನ ಗುಡಿಯಿಂದ ಮೇಲಿನ ಯೋಗನರಸಿಂಹನ ಗುಡಿಗೆ ಹೋಗುವಷ್ಟರಲ್ಲಿ ನಾಲ್ಕು ಕಡೆ ಕೂತೆ. ಕಾರಿನಲ್ಲಿ, ಬಸ್ಸಿನಲ್ಲಿ ಎಷ್ಟೋ ಸಲ ಬಂದಿದ್ದ ಜಾಗ ಅದು. ಕಾಲ ಮೇಲೆ ಬಂದಾಗ ಬೇರೆಯೇ ಜಾಗವಾಗಿ ಕಂಡಿತು. ಮುಂದಿನ ಭಾನುವಾರ ಯಾವ ಶಿಬಿರವೂ ಇಲ್ಲದೆ ಮತ್ತೆ ಹೋದೆ. ಮನೆಯವರು, ಹರಕೆ ಏನಾದರೂ ಇದೆಯೇ ಎಂದು ಕೇಳಿದರು.

ವಯಸ್ಸು ಬರೀ ಒಂದು ಸಂಖ್ಯೆ ಎಂದು ಈಗ ಎಲ್ಲರೂ ಹೇಳುತ್ತಾರೆ. ನನಗೆ ಈ ಮಾತು ಸೇರುವುದಿಲ್ಲ. ವಯಸ್ಸು ಸಂಖ್ಯೆಯಲ್ಲ, ಅದು ಮೊಣಕಾಲು, ಸೊಂಟ, ನಿದ್ದೆ, ಮತ್ತು ಪೆಟ್ಟು ಮಾಯಲು ಬೇಕಾಗುವ ದಿನಗಳು. ಇಪ್ಪತ್ತೆರಡರ ಪ್ರಶಿಕ್ಷಣಾರ್ಥಿ ಭಾನುವಾರ ಬೆಟ್ಟ ಹತ್ತಿ ಸೋಮವಾರ ಬೆಳಗಿನ ಪ್ರಾರ್ಥನೆಗೆ ಹಾಜರಾಗುತ್ತಾನೆ. ನನಗೆ ಸೋಮವಾರ ಏನೂ ಆಗುವುದಿಲ್ಲ, ಮಂಗಳವಾರ ತರಗತಿಯ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯುಗಳ ನೋವು ಒಂದು ದಿನ ತಡವಾಗಿಯೇ ಬರುತ್ತದೆ, ಎರಡು ಮೂರು ದಿನ ಇರುತ್ತದೆ ಎಂಬುದು ದೈಹಿಕ ಶಿಕ್ಷಣದವರಿಗೆ ಗೊತ್ತಿರುವ ಸಂಗತಿ. ನಾನು ಅದನ್ನು ಮಹಡಿ ಮೆಟ್ಟಿಲ ಮೇಲೆ ತಿಳಿದೆ. ಬರೀ ಸಂಖ್ಯೆ ಎಂದುಕೊಂಡು ಹೊರಟವರಿಗಿಂತ, ಇದು ಹೀಗೇ ಎಂದು ಒಪ್ಪಿಕೊಂಡು ತಯಾರಿ ಮಾಡಿದವರು ಹೆಚ್ಚು ದೂರ ಹೋಗುವುದನ್ನು ಆಮೇಲಿನ ವರ್ಷಗಳಲ್ಲಿ ನೋಡಿದ್ದೇನೆ.

ತಯಾರಿಯೇನೂ ದೊಡ್ಡದಲ್ಲ. ಬೆಳಗ್ಗೆ ನಲವತ್ತು ನಿಮಿಷ ನಡಿಗೆ, ವಾರಕ್ಕೆ ಎರಡು ದಿನ ಮನೆಯ ಮೆಟ್ಟಿಲನ್ನು ಹತ್ತಿ ಇಳಿಯುವುದು, ತಿಂಗಳಿಗೆರಡು ಭಾನುವಾರ ದೇವರಾಯನದುರ್ಗ. ವೇಗಕ್ಕೆ ಒಂದೇ ಅಳತೆ: ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿದ್ದರೆ ಸರಿ, ಒಂದೊಂದೇ ಪದ ಹೊರಡುತ್ತಿದ್ದರೆ ಜಾಸ್ತಿಯಾಯಿತು. ಆರು ತಿಂಗಳಾದ ಮೇಲೆ ಮಧುಗಿರಿ. ಒಂದೇ ಬಂಡೆಯ ಬೆಟ್ಟ, ಕೋಟೆಯ ಬಾಗಿಲುಗಳನ್ನು ದಾಟುತ್ತಾ ಹೋದಂತೆ ಕಡಿದಾಗುತ್ತದೆ; ಮೇಲ್ಭಾಗದಲ್ಲಿ ನುಣುಪು ಬಂಡೆಗೆ ಕಾಲಿಡಲು ಕೊರೆದ ಗುರುತುಗಳು ಮಾತ್ರ. ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ಹಿಂತಿರುಗಿದೆ. ಇನ್ನೊಂದು ತಿಂಗಳು ಬಿಟ್ಟು ಹೋಗಿ ಪೂರ್ತಿ ಹತ್ತಿದೆ.

ನಾನು ಹೇಳಬೇಕೆಂದಿರುವುದು ಅದರ ನಂತರದ ಚಾರಣದ ಬಗ್ಗೆ. 2018ರ ಡಿಸೆಂಬರಿನಲ್ಲಿ ನಮ್ಮೂರಿನ ಒಂದು ಚಾರಣ ಬಳಗದೊಂದಿಗೆ ಕುಮಾರಪರ್ವತಕ್ಕೆ ಹೋದೆ. ಎತ್ತರ 1,712 ಮೀಟರ್. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್ ಇದೆ, ಲೆಕ್ಕದಲ್ಲಿ ಅದೇ ದೊಡ್ಡದು. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಕುಮಾರಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದಾದರೆ ಘಟ್ಟದ ಬುಡದಿಂದಲೇ ಕಾಲೆತ್ತಿಡಬೇಕು. ಸುಮಾರು 13 ಕಿಲೋಮೀಟರ್ ದಾರಿ, ಒಂದೂವರೆ ಸಾವಿರ ಮೀಟರಿನಷ್ಟು ಏರು. ಮೊದಲು ದಟ್ಟ ಕಾಡು, ನಡುವೆ ಗಿರಿಗದ್ದೆ, ಅಲ್ಲಿ ಚಾರಣಿಗರಿಗೆಲ್ಲ ಗೊತ್ತಿರುವ ಭಟ್ಟರ ಮನೆಯ ಊಟ. ಆಮೇಲೆ ನೆರಳಿಲ್ಲದ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ, ಮತ್ತೆ ಒಂದಿಷ್ಟು ಶೋಲಾ ಕಾಡು, ಕೊನೆಗೆ ಶಿಖರ. ಇದೆಲ್ಲ ಪುಷ್ಪಗಿರಿ ವನ್ಯಜೀವಿ ಧಾಮದ ಪ್ರದೇಶ. ಆಗ ನಾವು ಗಿರಿಗದ್ದೆಯಲ್ಲಿ ರಾತ್ರಿ ಉಳಿದೆವು. ಈಗ ಹೋಗುವವರು ಅರಣ್ಯ ಇಲಾಖೆಯಲ್ಲಿ ಮುಂಗಡ ನೋಂದಾಯಿಸಿ, ಅಂದಿನ ನಿಯಮ ಕೇಳಿಕೊಂಡೇ ಹೊರಡಬೇಕು.

ಚಾರಣಿಗರಲ್ಲಿ ನೇಸ್ಮಿತ್ ನಿಯಮ ಎಂಬ ಒಂದು ಹಳೆಯ ಲೆಕ್ಕವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು: ದಾರಿಯ ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ಆ ಪ್ರಕಾರ ಕುಮಾರಪರ್ವತದ ಏರಿಗೆ ಐದು ಗಂಟೆಗೆ ತುಸು ಹೆಚ್ಚು ಸಾಕು. ಅದು ಗಟ್ಟಿಮುಟ್ಟಾದವರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ನನಗೆ ಎರಡು ದಿನದ ಏರು ಸೇರಿ ಒಂಬತ್ತು ಗಂಟೆ ಹಿಡಿಯಿತು. ಆದರೂ ಈ ನಿಯಮ ನನಗೆ ಇಷ್ಟ. ದೂರ ಬೇರೆ, ಏರು ಬೇರೆ, ಎರಡಕ್ಕೂ ಬೇರೆ ಬೇರೆ ಸಮಯ ಕೊಡಬೇಕು ಎಂಬ ವಿವೇಕ ಅದರಲ್ಲಿದೆ. ಪಾಠಯೋಜನೆಗೆ ಅವಧಿ ಹಂಚುವಾಗ ನಾವು ಸಾಮಾನ್ಯವಾಗಿ ಎಣಿಸುವುದು ಪುಟಗಳನ್ನು, ಎಂದರೆ ದೂರವನ್ನು. ಎಂಟನೇ ತರಗತಿಯ ಗಣಿತದಲ್ಲಿ ಅರ್ಧ ಪುಟದ ಒಂದು ಪರಿಕಲ್ಪನೆ ಎರಡು ಸಾವಿರ ಅಡಿ ಏರು ಇರಬಹುದು.

ನಾವು ಹದಿನಾಲ್ಕು ಜನ. ಹನ್ನೆರಡು ಜನ ಮೂವತ್ತೈದರ ಒಳಗಿನವರು. ನಿವೃತ್ತ ಬ್ಯಾಂಕ್ ನೌಕರರೊಬ್ಬರು ನನಗಿಂತ ಹಿರಿಯರು, ಆದರೆ ಹತ್ತು ವರ್ಷಗಳಿಂದ ಬೆಟ್ಟ ಸುತ್ತಿದವರು. ಹೀಗಾಗಿ ಕೊನೆಯ ಸ್ಥಾನಕ್ಕೆ ಪೈಪೋಟಿ ಇರಲಿಲ್ಲ. ಕಾಡಿನ ಏರಿನಲ್ಲಿ ಅರ್ಧ ಗಂಟೆಗೊಮ್ಮೆ ಮುಂದಿನವರು ನಿಂತು ಹಿಂದಿನವರಿಗೆ ಕಾಯುತ್ತಿದ್ದರು. ಬಹಳ ಸೌಜನ್ಯದ ಹುಡುಗರು. ಯಾರೂ ಮುಖ ಸಿಂಡರಿಸಲಿಲ್ಲ. ನಾನು ಏದುಸಿರು ಬಿಡುತ್ತಾ ತಿರುವು ದಾಟಿ ಕಾಣಿಸಿಕೊಂಡ ಕೂಡಲೇ ಒಬ್ಬ ಚಪ್ಪಾಳೆ ತಟ್ಟುತ್ತಿದ್ದ. ಇನ್ನೊಬ್ಬ, “ಬಂದ್ರು ಮೇಡಂ, ಎಲ್ಲ ಬಂದಂಗಾಯ್ತು, ಹೊರಡೋಣ್ವಾ?” ಎನ್ನುತ್ತಿದ್ದ. ಎಲ್ಲರೂ ಚೀಲ ಹೆಗಲಿಗೇರಿಸುತ್ತಿದ್ದರು.

ಪಾಠ ವೀಕ್ಷಿಸುವುದು ನನ್ನ ವೃತ್ತಿ. ಜೇಬಿನಲ್ಲಿ ಪುಟ್ಟ ಪುಸ್ತಕ, ಕೈಯಲ್ಲಿ ಗಡಿಯಾರ ಇಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ. ಗಿರಿಗದ್ದೆ ತಲುಪುವಷ್ಟರಲ್ಲಿ ನಾಲ್ಕು ನಿಲುಗಡೆಗಳಾದವು. ಮೊದಲು ತಲುಪಿದವರು ಎಷ್ಟು ಹೊತ್ತಿನಿಂದ ಕೂತಿದ್ದಾರೆಂದು ಪ್ರತಿ ಸಲವೂ ಕೇಳಿ ಬರೆದುಕೊಂಡೆ: 12, 15, 10, 18. ಒಟ್ಟು 55 ನಿಮಿಷ. ನನ್ನ ಸಾಲಿನಲ್ಲಿ ಬರೆದದ್ದು: 1, 2, 0, 3. ಒಟ್ಟು ಆರು ನಿಮಿಷ. ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಬೇಕಿದ್ದವರಿಗೆ ಎಲ್ಲರಿಗಿಂತ ಕಡಿಮೆ ಸಿಕ್ಕಿತು. ಇದಕ್ಕೆ ಯಾರೂ ಕಾರಣರಲ್ಲ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಕಾದವರಿಗೆ ಕಾದೆವೆಂಬ ತೃಪ್ತಿಯೂ ಇತ್ತು. ಏರ್ಪಾಡೇ ಹಾಗಿತ್ತು: ಕೊನೆಯವರು ಬರುವುದೇ ಹೊರಡುವುದಕ್ಕೆ ಸಂಕೇತ. ಪ್ರತಿ ಸುತ್ತಿನಲ್ಲೂ ದಣಿದವರು ಇನ್ನಷ್ಟು ದಣಿದು, ಇನ್ನಷ್ಟು ಹಿಂದೆ ಬೀಳುತ್ತಾರೆ. ಚುರುಕಾದವರು ಇನ್ನಷ್ಟು ಚುರುಕಾಗುತ್ತಾರೆ. ನಾಲ್ಕನೆಯ ನಿಲುಗಡೆಯ ಹೊತ್ತಿಗೆ ನೋಡಿದವರಿಗೆ, ಮೇಡಮ್ಮನಿಗೆ ಶಕ್ತಿ ಇಲ್ಲ ಎಂದೇ ಅನ್ನಿಸಿರಬೇಕು. ಎಷ್ಟು ಭಾಗ ಶಕ್ತಿಯದ್ದು, ಎಷ್ಟು ಭಾಗ ಆ 49 ನಿಮಿಷಗಳದ್ದು ಎಂದು ಯಾರು ಹೇಳಬೇಕು?

ಇನ್ನೊಂದು ಸಂಗತಿ, ಪ್ರೋತ್ಸಾಹದ್ದು. ಪುನರ್ಬಲನ ಕೌಶಲಕ್ಕೆ ಅಂಕ ಕೊಡುವ ನನಗೆ ಇದು ಹೆಚ್ಚು ಯೋಚನೆಗೆ ಹಚ್ಚಿತು. “ಇನ್ನೇನು ಬಂತು ಮೇಡಂ, ಐದೇ ನಿಮಿಷ” ಎಂದು ಹುಡುಗರು ಹುರಿದುಂಬಿಸುತ್ತಿದ್ದರು. ಐದು ನಿಮಿಷದ ಮಾತನ್ನು ನಂಬಿ ಇದ್ದಬದ್ದ ಉಸಿರನ್ನೆಲ್ಲ ಖರ್ಚು ಮಾಡುತ್ತೇನೆ. ತಿರುವಿನ ಆಚೆ ಮತ್ತೊಂದು ಏರು. ಅರ್ಧ ಗಂಟೆಯಾದರೂ ಬರುವುದಿಲ್ಲ. ಆಗ ಎರಡು ನೋವು: ಕಾಲಿನದ್ದು ಒಂದು, ಐದು ನಿಮಿಷದ ದಾರಿಗೆ ನನಗೆ ಅರ್ಧ ಗಂಟೆ ಬೇಕಾಯಿತಲ್ಲ ಎಂಬುದು ಇನ್ನೊಂದು. ನಮ್ಮ ತರಗತಿಗಳಲ್ಲಿ ಕೇಳಿಬರುವ “ಇದು ಬಹಳ ಸುಲಭ ಮಕ್ಕಳೇ” ಎಂಬ ಮಾತು ಇದರ ಖಾಸಾ ತಂಗಿ. ಸುಲಭವೆಂದು ಹೇಳಿದ ಲೆಕ್ಕವನ್ನು ಮಾಡಿದವನಿಗೆ ಹೆಮ್ಮೆಯಿಲ್ಲ, ಮಾಡಲಾಗದವನಿಗೆ ಅವಮಾನ.

ನಮ್ಮೊಂದಿಗೆ ಸ್ಥಳೀಯರೊಬ್ಬರು ದಾರಿ ತೋರಿಸಲು ಬಂದಿದ್ದರು. ಐವತ್ತರ ಆಸುಪಾಸಿನವರು, ಕಾಲಲ್ಲಿ ರಬ್ಬರ್ ಚಪ್ಪಲಿ. ರಾತ್ರಿ ಗಿರಿಗದ್ದೆಯಲ್ಲಿ ಊಟವಾದ ಮೇಲೆ ಕೇಳಿದೆ, ನಾಳೆ ನನ್ನಿಂದ ಆಗುತ್ತದೆಯೇ ಎಂದು. ಆಗುತ್ತದೆ, ಹೆದರಬೇಡಿ ಎಂಬ ಉತ್ತರವನ್ನು ನಿರೀಕ್ಷಿಸಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಾಳೆ ಇವತ್ತಿನದಕ್ಕಿಂತ ಬಿಸಿಲು ಹೆಚ್ಚು ಉಂಟು ಅಮ್ಮ. ಕಲ್ಲುಮಂಟಪದವರೆಗೆ ಒಂದು ಏರು, ಅದು ಕಷ್ಟ. ಶೇಷಪರ್ವತದ್ದು ಅದಕ್ಕಿಂತ ಕಷ್ಟ. ಆಮೇಲಿನದ್ದು ಕಡಿಮೆ. ನೀವು ಐದೂವರೆಗೆ ಹೊರಟರೆ ಆಗ್ತದೆ, ಏಳಕ್ಕೆ ಹೊರಟರೆ ಆಗುವುದಿಲ್ಲ” ಎಂದರು. ಅಷ್ಟು ನೆಮ್ಮದಿ ಕೊಟ್ಟ ಮಾತನ್ನು ಆ ಎರಡು ದಿನಗಳಲ್ಲಿ ನಾನು ಬೇರೆ ಕೇಳಲಿಲ್ಲ. ಕಷ್ಟ ಎಲ್ಲಿದೆ, ಎಷ್ಟಿದೆ ಎಂದು ಗೊತ್ತಾದ ಮೇಲೆ ಅದಕ್ಕೆ ಬೇಕಾದಷ್ಟು ಉಸಿರನ್ನು ಉಳಿಸಿಕೊಳ್ಳಬಹುದು.

ಮರುದಿನ ಅವರು ಎರಡು ಬದಲಾವಣೆ ಮಾಡಿದರು. ಮೊದಲನೆಯದು, ನನ್ನನ್ನು ತಮ್ಮ ಬೆನ್ನಿಗೇ ಸಾಲಿನ ಮುಂದೆ ನಿಲ್ಲಿಸಿಕೊಂಡರು. ಒಂದು ಗಂಟೆ ನಡೆದಿರಬಹುದು, ಹಿಂದಿನಿಂದ ಗೊಣಗಾಟ ಶುರುವಾಯಿತು. ಅದು ನ್ಯಾಯವಾದ ಗೊಣಗಾಟವೇ. ತನ್ನ ನಡಿಗೆಗಿಂತ ನಿಧಾನವಾಗಿ ನಡೆಯುವುದೂ ದಣಿವು ತರುತ್ತದೆ. ಚುರುಕಾದ ಮಕ್ಕಳನ್ನು ಸುಮ್ಮನೆ ಕೂರಿಸಿದ ಶಿಕ್ಷಕರಿಗೆ ಇದು ಗೊತ್ತು. ಆಗ ಎರಡನೆಯ ಬದಲಾವಣೆ. ಮುಂದೆ ಹೋಗುವವರು ಕಲ್ಲುಮಂಟಪದವರೆಗೆ ಹೋಗಬಹುದು, ಅಲ್ಲಿ ಹತ್ತಿರದ ನೀರಿನ ಜಾಗದಿಂದ ಎಲ್ಲರ ಬಾಟಲಿಗೂ ನೀರು ತುಂಬಿಸಿಡಬೇಕು, ಕೊನೆಯವರು ಬಂದು ಕೂತ ಮೇಲೆ ಹತ್ತು ನಿಮಿಷ ಎಣಿಸಿಯೇ ಏಳಬೇಕು. “ಬೇಗ ಹೋಗಿ ಅಲ್ಲಿ ಮಾಡುವುದು ಎಂತದು?” ಎಂದು ಕೊನೆಯಲ್ಲಿ ತಣ್ಣಗೆ ಕೇಳಿದರು. ಅಷ್ಟೇ. ಹುಡುಗರು ಗುಡುಗುಡು ಓಡಿದರು, ನೀರು ತುಂಬಿಸಿದರು. ನಾನು ಹೋಗಿ ಕೂತೆ. ಹತ್ತು ನಿಮಿಷ ನಿಜವಾಗಿಯೂ ಕೂತೆ. ಶೂ ಬಿಚ್ಚಿ ಕಾಲು ಗಾಳಿಗೆ ಹಿಡಿದೆ, ಒಂದು ಚಿಕ್ಕಿ ತಿಂದೆ, ಎದುರಿನ ಹುಲ್ಲಿನ ಬೋರೆ ಗಾಳಿಗೆ ಬಣ್ಣ ಬದಲಿಸುವುದನ್ನು ನೋಡಿದೆ. ಹಿಂದಿನ ದಿನ ಆ ದಾರಿಯಲ್ಲಿ ನಾನು ಏನನ್ನೂ ನೋಡಿರಲಿಲ್ಲ, ನನ್ನ ಮುಂದಿನವರ ಹಿಮ್ಮಡಿಯ ಹೊರತು.

ಹನ್ನೊಂದೂವರೆಗೆ ಶಿಖರದಲ್ಲಿದ್ದೆವು. ಒಂದಷ್ಟು ಕಲ್ಲಿನ ರಾಶಿ, ಗಾಳಿ, ಮೋಡ ಬಂದು ಹೋಗುವುದು. ಶಿಖರದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಹದಿನಾಲ್ಕು ಜನರೂ ಒಂದೇ ಚಿತ್ರದಲ್ಲಿದ್ದೇವೆ.

ಇಳಿತದ ಬಗ್ಗೆ ಮಾತ್ರ ನಿಮ್ಮಲ್ಲಿ ಬೆಟ್ಟ ಹತ್ತಲು ಮನಸ್ಸಿರುವ ಹಿರಿಯರಿಗೆ ಒಂದು ಮಾತು. ಏರು ಎದೆಯನ್ನು ಕೇಳುತ್ತದೆ, ಇಳಿತ ಮೊಣಕಾಲನ್ನು ಕೇಳುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಮಂಗಳವಾರದ ನೋವಿನ ಮೂಲ ಅಲ್ಲಿದೆ. ಎರಡು ಊರುಗೋಲು ಹಿಡಿಯಿರಿ, ನಾಚಿಕೆ ಬೇಡ. ಹೆಜ್ಜೆ ಚಿಕ್ಕದಿರಲಿ. ಶೂ ಒಂದಂಗುಲ ದೊಡ್ಡದೇನೂ ಬೇಡ, ಆದರೆ ಇಳಿಜಾರಿನಲ್ಲಿ ಕಾಲ್ಬೆರಳು ಮುಂದಕ್ಕೆ ತಾಗದಷ್ಟು ಜಾಗವಿರಲಿ. ಇದಕ್ಕೆ ತರಗತಿಯ ಹೋಲಿಕೆ ಏನೂ ಇಲ್ಲ. ಎಲ್ಲದಕ್ಕೂ ಹೋಲಿಕೆ ಕಟ್ಟುವುದು ನಮ್ಮ ವೃತ್ತಿಯ ಚಟ.

ಮುಂದಿನ ಶೈಕ್ಷಣಿಕ ವರ್ಷದ ಪಾಠಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದ ಪ್ರೌಢಶಾಲೆಯೊಂದರ ಎಂಟನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪಾಠ: ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣ. ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಾಗಿ ಬಂದಿದ್ದರು. ಧ್ವನಿ, ಕಪ್ಪುಹಲಗೆಯ ಬರಹ, ಪೂರ್ವಜ್ಞಾನದ ಪ್ರಶ್ನೆ ಎಲ್ಲ ಒಪ್ಪವಾಗಿತ್ತು. ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ. ಅವಳು ಒಂದೊಂದು ಸಾಲನ್ನೂ ತುಟಿಯಲ್ಲಿ ಹೇಳಿಕೊಂಡು ನಿಧಾನವಾಗಿ ಬರೆಯುತ್ತಿದ್ದಳು. “ಎಲ್ಲರದ್ದೂ ಆಯ್ತಾ?” “ಆಯ್ತು ಟೀಚರ್!” ಎಂದು ಮುಂದಿನ ಸಾಲುಗಳು. ಹಲಗೆ ಒರೆಸಲಾಯಿತು. ಅವಳು ಮೂರನೆಯ ಸಾಲಿನಲ್ಲಿದ್ದಳು. ಅರ್ಧಕ್ಕೇ ಬಿಟ್ಟು ಮುಂದಿನ ಲೆಕ್ಕದ ಕ್ರಮಸಂಖ್ಯೆ ಹಾಕಿದಳು. ಅದನ್ನೂ ಅರ್ಧಕ್ಕೆ ಬಿಟ್ಟಳು. ಅವಧಿಯ ಕೊನೆಗೆ ಅವಳ ಪುಸ್ತಕದಲ್ಲಿ ನಾಲ್ಕು ಅರ್ಧ ಲೆಕ್ಕಗಳಿದ್ದವು. ನನ್ನ ಪುಟ್ಟ ಪುಸ್ತಕದ ಸಾಲು ನೆನಪಾಯಿತು: 1, 2, 0, 3.

ಇದು ನಮ್ಮ ಕಣ್ಣಿಗೆ ಮಾತ್ರ ಬಿದ್ದದ್ದಲ್ಲ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವ ಸಮಯವನ್ನು ಅಳೆದರು. ಅದು ಸರಾಸರಿ ಒಂದು ಸೆಕೆಂಡಿನ ಆಸುಪಾಸಿನಲ್ಲಿತ್ತು. ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರು ಬಾಯಿಬಿಟ್ಟರು. ಈ ಭಾಗವನ್ನು ನಾವು ಪರೀಕ್ಷೆಗೆ ಬರೆಸುತ್ತೇವೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಭಾಗವಿದೆ: ಶಿಕ್ಷಕರು ಹಿಂದುಳಿದವರೆಂದು ಗುರುತಿಸಿದ ಮಕ್ಕಳಿಗೆ ಸಿಗುತ್ತಿದ್ದ ಸಮಯ, ಮುಂದಿದ್ದವರಿಗೆ ಸಿಗುತ್ತಿದ್ದುದಕ್ಕಿಂತ ಕಡಿಮೆಯಿತ್ತು.

ವೀಕ್ಷಣೆಯ ನಂತರದ ಚರ್ಚೆಯಲ್ಲಿ ಆ ಪ್ರಶಿಕ್ಷಣಾರ್ಥಿಗೆ ನಾನು ಕುಮಾರಪರ್ವತದ ಲೆಕ್ಕ ಹೇಳಿದೆ. ಅವರು ನೇರವಾಗಿಯೇ ಕೇಳಿದರು: “ನಲವತ್ತು ನಿಮಿಷ, ನಲವತ್ತೈದು ಮಕ್ಕಳು. ಒಬ್ಬಳಿಗೆ ಕಾಯ್ತಾ ಕೂತ್ರೆ ಪಾಠ ಮುಗಿಯೋದು ಹೇಗೆ ಮೇಡಂ?” ಪ್ರಶ್ನೆ ಸರಿಯಾಗಿದೆ. ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಇಬ್ಬರೂ ಕೂತು ಯೋಚಿಸಿದ್ದು ಇಷ್ಟು. ಹಲಗೆಯನ್ನು ಮೂರು ಭಾಗ ಮಾಡುವುದು, ಹೊಸದಕ್ಕೆ ಜಾಗ ಬೇಕಾದಾಗ ಅತ್ಯಂತ ಹಳೆಯ ಭಾಗವನ್ನು ಮಾತ್ರ ಒರೆಸುವುದು. ನಾಲ್ಕು ಲೆಕ್ಕದ ಬದಲು ಮೂರು. ‘ಆಯ್ತಾ’ ಎಂದು ಇಡೀ ತರಗತಿಯನ್ನು ಕೇಳದೆ, ಕೊನೆಯ ಬೆಂಚಿನವರೆಗೆ ನಡೆದುಕೊಂಡು ಹೋಗಿ ಪುಸ್ತಕ ನೋಡಿ ಬರುವುದು. ಬೇಗ ಮುಗಿಸಿದವರಿಗೆ ನೀರು ತುಂಬಿಸುವ ಕೆಲಸ, ಎಂದರೆ ಅದೇ ಬಗೆಯ ಒಂದು ಸಮೀಕರಣವನ್ನು ತಾವೇ ರಚಿಸಿ ಪಕ್ಕದವರಿಗೆ ಕೊಡುವುದು. ‘ಸುಲಭ’ ಎಂಬ ಪದ ಬೇಡ. ಎರಡನೆಯ ಹೆಜ್ಜೆಯಲ್ಲಿ ಬಹಳ ಜನ ಎಡವುತ್ತಾರೆ, ಅಲ್ಲಿ ನಿಧಾನಿಸಿ ಎಂದು ಮೊದಲೇ ಹೇಳುವುದು.

ಮುಂದಿನ ವಾರ ಮತ್ತೆ ಅದೇ ಬೆಂಚಿನಲ್ಲಿ ಕೂತೆ. ಮೂರನೆಯ ಲೆಕ್ಕಕ್ಕೆ ಸಮಯ ಸಾಲಲಿಲ್ಲ, ಗಂಟೆ ಹೊಡೆಯಿತು. ಪ್ರಶಿಕ್ಷಣಾರ್ಥಿ ಕಣ್ಣಿನಲ್ಲೇ ನನ್ನನ್ನು ಕೇಳಿದರು, ನಾನು ತಲೆಯಾಡಿಸಿದೆ. ಹುಡುಗಿಯ ಪುಸ್ತಕವನ್ನು ಕೇಳಿ ತೆಗೆದುಕೊಂಡು ನೋಡಿದೆ. ಎರಡು ಲೆಕ್ಕ ಪೂರ್ತಿಯಾಗಿ ಬರೆದಿದ್ದಳು. ಮೊದಲನೆಯದು ಸರಿ. ಎರಡನೆಯದರ ಉತ್ತರ ತಪ್ಪು: ಋಣ ಸಂಖ್ಯೆಯನ್ನು ಬಲಪಕ್ಷಕ್ಕೆ ತಂದಾಗ ಚಿಹ್ನೆಯನ್ನು ಹಾಗೆಯೇ ಉಳಿಸಿದ್ದಳು. ಆ ಸಾಲಿನ ಕೆಳಗೆ ಬೆರಳಿಟ್ಟೆ. ಅವಳು ನೋಡಿದಳು, ಮತ್ತೆ ನೋಡಿದಳು. ನಾನು ಏನೂ ಹೇಳದೆ ಕಾದೆ. “ಇಲ್ಲಿ ಪ್ಲಸ್ ಆಗ್ಬೇಕಿತ್ತಲ್ವಾ ಮಿಸ್” ಎಂದಳು.